ಬಾಗಿಲಕ್ಕನ ಬಲಗಿವಿ

ಬಾಗಿಲಕ್ಕನ ಮುತ್ತಜ್ಜನನ್ನು ಜನ ಕೋಲಜ್ಜ ಎಂದು ಕರೆಯುತ್ತಿದ್ದರು. ಗಾಡಿಯ ಚಕ್ರಕ್ಕೆ ಕೋಲಿನಿಂದ ಒಂದು ಏಟು ಹಾಕಿ, ಎದ್ದ ಸದ್ದು ಕೇಳಿ, ಈ ಚಕ್ರ ಇಳಿಜಾರು ಇಳಿಯುತ್ತದೆ, ಈ ಚಕ್ರ ಇಳಿಯುವುದಿಲ್ಲ ಎಂದು ಹೇಳುತ್ತಿದ್ದ ಮನುಷ್ಯ ಅವನು. ಮದುವೆಗೆ ಹೊರಟಿದ್ದ ಒಂದು ಗಾಡಿಯನ್ನು ಅಡ್ಡಗಟ್ಟಿ, "ಅಚ್ಚು ಸೀಳಿದೆ, ಇಳೀರಿ" ಎಂದನಂತೆ. ಗಂಡಿನ ಕಡೆಯವರು ಅವನನ್ನು ಬಾಯಿಗೆ ಬಂದಂತೆ ಬೈದು ಮುಂದೆ ಹೋದರು. ಮೊದಲ ತಿರುವಿನಲ್ಲೇ ಗಾಡಿ ಮಗುಚಿತು. ಮದುಮಗ ಮೈತುಂಬ ಕೆಸರು ಹೊತ್ತು ಕಾಲ್ನಡಿಗೆಯಲ್ಲಿ ಹೋಗಿ ಮದುವೆಯಾದ.

ಕೋಲಜ್ಜನ ಮಗ ಗುದ್ದಜ್ಜ. ಅವನ ಕಾಲಕ್ಕೆ ಗಾಡಿ ಹೋಗಿ ಲಾರಿ ಬಂದಿತ್ತು. ಕೋಲು ಬಿಸಾಡಿ ಮುಷ್ಟಿ ಹಿಡಿದ. ಲಾರಿಯ ತಗಡಿಗೆ ಒಂದು ಗುದ್ದು, ಅಷ್ಟೇ. ಹೊರಗೆ ಮಿರಿಮಿರಿ ಬಣ್ಣ ಬಳಿದುಕೊಂಡು ಒಳಗೆ ತುಕ್ಕು ತಿಂದ ಲಾರಿಗಳು ಅವನ ಗುದ್ದಿಗೆ ನಿಜ ಬಾಯಿಬಿಡುತ್ತಿದ್ದವು. ಸಾಯುವಾಗ ಅವನ ಬಲಗೈ ಬೆರಳ ಗೆಣ್ಣುಗಳು ಗಜ್ಜುಗದ ಹಾಗೆ ಊದಿದ್ದವು. ಅವನ ಮಗ ಬಾಗಿಲಪ್ಪ, ನಮ್ಮ ಬಾಗಿಲಕ್ಕನ ತಂದೆ. ಅವನ ಪಾಲಿಗೆ ಬಂದದ್ದು ಕಾರು. ಕಾರಿನ ಮೈಗೆ ಗುದ್ದಿದರೆ ಕಾರಿನವನು ತಿರುಗಿ ಗುದ್ದುತ್ತಾನೆ. ಬಾಗಿಲಪ್ಪ ತಿಂಗಳುಗಟ್ಟಲೆ ಯೋಚಿಸಿ, ಡ್ರೈವರ್ ಬಾಗಿಲು ತೆರೆದು ಮುಚ್ಚಿ ಸದ್ದು ಕೇಳುವುದನ್ನು ಕಂಡುಕೊಂಡ. ಎಲ್ಲೋ ಗುದ್ದಿಸಿಕೊಂಡ ಕಾರಿನ ಚೌಕಟ್ಟು ಕೂದಲೆಳೆಯಷ್ಟು ತಿರುಚಿದರೂ ಬಾಗಿಲು ತನ್ನ ಜಾಗದಲ್ಲಿ ನೆಟ್ಟಗೆ ಕೂರುವುದಿಲ್ಲ. ಕಣ್ಣಿಗೆ ಕಾಣದು, ಸದ್ದಿಗೆ ಸಿಕ್ಕಿಬೀಳುತ್ತದೆ.

ಕೋಲು, ಮುಷ್ಟಿ, ಬಾಗಿಲು ಬದಲಾದರೂ ಕೋಲಜ್ಜ ಹಾಕಿಕೊಟ್ಟ ಕಟ್ಟಳೆ ಬದಲಾಗಲಿಲ್ಲ. ಕೇಳುವಾಗ ವಸ್ತುವನ್ನು ನೋಡಬಾರದು, ನೋಡಿದರೆ ಕಣ್ಣು ಕಿವಿಯ ಮಾತಿಗೆ ಬಾಯಿ ಹಾಕುತ್ತದೆ. ಗಾಡಿ ಹೋಗುವ ದಿಕ್ಕಿಗೆ ಮುಖ ಮಾಡಿ ನಿಲ್ಲಬೇಕು. ಒಂದೇ ಸಲ ಕೇಳಬೇಕು, ಎರಡನೆಯ ಸಲ ಕೇಳಿದವನಿಗೆ ತನ್ನ ಮೇಲೇ ನಂಬಿಕೆಯಿಲ್ಲ ಎಂದು ಜನ ತಿಳಿಯುತ್ತಾರೆ. ಕೇಳಿದ ಮೇಲೆ ಒಂದೇ ಮಾತು ಆಡಬೇಕು, ಗಟ್ಟಿಯಾಗಿ, ಕೊಳ್ಳುವವನಿಗೂ ಮಾರುವವನಿಗೂ ಒಟ್ಟಿಗೆ ಕೇಳುವ ಹಾಗೆ.

ಬಾಗಿಲಪ್ಪನಿಗೆ ಇಬ್ಬರು ಮಕ್ಕಳು. ಮಗನಿಗೆ ಎಲ್ಲ ಬಾಗಿಲೂ "ಧಡ್" ಎಂದೇ ಕೇಳಿಸಿತು. ಅವನನ್ನು ಬಿಟ್ಟುಬಿಟ್ಟು ಮಗಳ ಕಿವಿ ಹದಮಾಡಿದ. ಹೆಣ್ಣುಮಗಳು ಹಳೆ ಕಾರಿನ ಅಂಗಳದಲ್ಲಿ ನಿಂತು ಬೆಲೆ ಹೇಳುವುದೇ ಎಂದು ಮೊದಮೊದಲು ಮೂಗು ಮುರಿದವರು, ಆಮೇಲಾಮೇಲೆ ಅವಳು ಬಂದು ಬಾಗಿಲು ಹಾಕದೆ ಸೈಕಲ್ಲನ್ನೂ ಕೊಳ್ಳದ ಹಾಗಾದರು. ಬಾಗಿಲಕ್ಕ ಎಂಬ ಹೆಸರು ಅಂಟಿದ್ದು ಹಾಗೆ. ಕಿವಿಗೆ ಓಲೆ ಹಾಕುತ್ತಿರಲಿಲ್ಲ, ಅಲುಗಿದರೆ ಸದ್ದು ಕೆಡುತ್ತದೆ ಎಂದು. ಕೂದಲನ್ನು ಕಿವಿಯಿಂದ ಹಿಂದಕ್ಕೆ ಎಳೆದು, ನೋಡಿದವರ ತಲೆಯೇ ನೋಯುವಷ್ಟು ಬಿಗಿಯಾಗಿ ಕಟ್ಟುತ್ತಿದ್ದಳು.

ಅವಳ ಬಾಯಿಂದ ಬರುತ್ತಿದ್ದ ಮಾತು ಮೂರೇ. "ತುಂಬಿದೆ" ಎಂದರೆ ಕಾರು ಗಟ್ಟಿ, ಕೇಳಿದ ಬೆಲೆಗೆ ಕೊಳ್ಳಬಹುದು. "ತೆಳು" ಎಂದರೆ ಮೋಸವಿಲ್ಲ, ಆದರೆ ಜಗ್ಗಾಡಿ ಬೆಲೆ ಇಳಿಸು. "ಟೊಳ್ಳು" ಎಂದರೆ ಚಪ್ಪಲಿ ಮೆಟ್ಟಿಕೊಂಡು ಮನೆಗೆ ನಡೆ.

ಅವಳು ಹೆಚ್ಚಾಗಿ ಹೋಗುತ್ತಿದ್ದದ್ದು ಹಡಗಪ್ಪನ ಅಂಗಳಕ್ಕೆ. ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ, ಮೂಲೆಯಲ್ಲಿ ಕಾಲು ಮುರಿದ ಕುರ್ಚಿಯ ಮೇಲೆ ಒಂದು ಫ್ಯಾನು. ಕಾರುಗಳು ಎರಡು ಸಾಲು. ಒಂದು ಸಾಲು ಇಲ್ಲಿಯೇ ತಯಾರಾದವು, ಅವಕ್ಕೆ "ಊರಿನವು" ಎಂದು ಹೆಸರು. ಇನ್ನೊಂದು ಸಾಲು ಹೊರದೇಶದಲ್ಲಿ ಓಡಿ ಸವೆದು ಸಮುದ್ರ ದಾಟಿ ಬಂದವು, ಅವು "ಹಡಗಿನವು". ಊರಿನವಕ್ಕೆ ಸ್ಟೀರಿಂಗ್ ಬಲಕ್ಕೆ, ಹಡಗಿನವಕ್ಕೆ ಎಡಕ್ಕೆ. ಅಂಗಳದ ಒಡೆಯ ಹಡಗಿನವನ್ನು ಮಾರಿಯೇ ಹೊಟ್ಟೆ ಬೆಳೆಸಿದವನಾದ್ದರಿಂದ ಹಡಗಪ್ಪನಾದ.

ಯಾವುದು ಮೇಲು ಎಂಬ ಜಗಳ ಅಂಗಳದಲ್ಲಿ ದಿನವೂ ಇದ್ದದ್ದೇ. ಊರಿನ ಕಾರಿಗೆ ನೆಗಡಿಯಾದರೆ ಬೀದಿಗೊಬ್ಬ ವೈದ್ಯ. ನಟ್ಟು, ಬೋಲ್ಟು, ದೀಪದ ಗಾಜು, ಎಲ್ಲ ಮೂಲೆ ಅಂಗಡಿಯಲ್ಲಿ ಸಿಗುತ್ತದೆ. ಮಾರಲು ಹೊರಟರೆ ಮಧ್ಯಾಹ್ನದೊಳಗೆ ಗಿರಾಕಿ. ಆದರೆ ತಗಡು ಹಪ್ಪಳ. ಹಡಗಿನದರ ತಗಡು ದಪ್ಪ, ಸೀಟು ಮೆತ್ತಗೆ, ಒಳಗೆ ಕೂತರೆ ಹೊರಗಿನ ಗದ್ದಲ ಹೊರಗೇ. ನೆಂಟರ ಮನೆ ಮುಂದೆ ನಿಲ್ಲಿಸಿದರೆ ನೆಂಟರ ಮುಖ ಸಣ್ಣಗಾಗುತ್ತದೆ. ಆದರೆ ಒಂದು ದೀಪ ಒಡೆದರೆ ಇನ್ನೊಂದು ಹಡಗು ಬರುವವರೆಗೆ ಒಕ್ಕಣ್ಣಿನಲ್ಲೇ ಓಡಿಸಬೇಕು. ಅದಕ್ಕೆ ಅನುಭವಸ್ಥರು ಎರಡನ್ನೂ ತೂಗಿ, ಹಡಗಿನದು ನಿಜವಾಗಿ ತುಂಬಿದ್ದರೆ ಮಾತ್ರ ಹೆಚ್ಚು ಕೊಡು, ಇಲ್ಲವಾದರೆ ಊರಿನದನ್ನೇ ಹಿಡಿ ಎನ್ನುತ್ತಿದ್ದರು. ತುಂಬಿದೆಯೋ ಇಲ್ಲವೋ ಹೇಳುವವಳು ಬಾಗಿಲಕ್ಕ. ಹಾಗಾಗಿ ತಕ್ಕಡಿಯ ಮುಳ್ಳು ಅವಳ ಕಿವಿಯಲ್ಲಿತ್ತು ಎಂದರೂ ಸರಿಯೇ.

ಈಚೆಗೆ ಆ ಮುಳ್ಳು ಒಂದೇ ಕಡೆ ವಾಲುತ್ತಿತ್ತು. ಹಡಗಿನ ಸಾಲಿನಲ್ಲಿ ಅವಳು "ತುಂಬಿದೆ" ಎನ್ನುವುದು ಹೆಚ್ಚಾಯಿತು. ಊರಿನ ಸಾಲಿನಲ್ಲಿ ಮೊದಲಿನ ಹಾಗೇ ಒಂದು ತುಂಬು, ನಾಲ್ಕು ತೆಳು. ಹಡಗಪ್ಪ ಅವಳು ಬಂದ ಕೂಡಲೇ ಫ್ಯಾನನ್ನು ಅವಳ ಕಡೆ ತಿರುಗಿಸುತ್ತಿದ್ದ. "ಅಕ್ಕನ ಕಿವೀನೂ ಹಡಗು ಹತ್ತಿದೆ" ಎಂದು ಜನ ನಕ್ಕರು. ಅವಳು, "ಅಲ್ಲಿಯವರು ಚೆನ್ನಾಗಿ ಮಾಡ್ತಾರೆ, ನಾನೇನು ಮಾಡ್ಲಿ" ಎಂದಳು. ಹಾಗೆಂದು ನಂಬಿಯೂ ಇದ್ದಳು.

ಹೀಗಿರುವಾಗ ಅವಳ ತಮ್ಮ ಕಾರು ಕೊಳ್ಳಲು ಬಂದ. ಕಿವಿ ಇಲ್ಲದ ತಮ್ಮ ಡ್ರೈವರ್ ಆಗಿದ್ದ. ಕಾಯಿಲೆಯವರನ್ನು ದೂರದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗುವುದು, ಕರೆದುಕೊಂಡು ಬರುವುದು ಅವನ ಕೆಲಸ. ಇದ್ದ ಕಾರು ಮುದಿಯಾಗಿತ್ತು. ಅದನ್ನು ಕೊಟ್ಟು, ಗಂಡಹೆಂಡಿರು ಕೂಡಿಟ್ಟದ್ದನ್ನೆಲ್ಲ ಮೇಲೆ ಸುರಿದು ಇನ್ನೊಂದು ತೆಗೆದುಕೊಳ್ಳುವ ಯೋಚನೆ. ಅಂಗಳದಲ್ಲಿ ಅವರ ಕಣ್ಣಿಗೆ ಎರಡು ಬಿದ್ದವು. ಊರಿನ ಸಾಲಿನಲ್ಲಿ ಒಂದು ಬಿಳಿಯದು, ಹಡಗಿನ ಸಾಲಿನಲ್ಲಿ ಒಂದು ನೀಲಿಯದು.

"ನೀಲಿ," ಎಂದ ತಮ್ಮ. "ಕಾಯಿಲೆಯವರು ಮಲಗಿಕೊಂಡು ಹೋಗಬಹುದು. ಸೀಟು ನೋಡು, ಹಾಸಿಗೆ ಹಾಗಿದೆ."

"ಬಿಳಿ," ಎಂದಳು ಅವನ ಹೆಂಡತಿ. ಬಾಗಿಲಕ್ಕನಿಗೆ ನಾದಿನಿ, ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸ, ಬಾಯಿ ಬಲು ಜೋರು. "ಮಲಗಿಸ್ತಾರಂತೆ! ದಾರಿ ಮಧ್ಯೆ ಕೆಟ್ಟು ನಿಂತರೆ ನೀವೇ ಮಲಗಿರ್ತೀರಿ, ಅದರ ಅಡೀಲಿ."

"ಊರಿನದು ಊರಿನದನ್ನೇ ಹೊಗಳುತ್ತೆ."

"ಹೌದು ರೀ, ನಾನು ಊರಿನದೇ. ಇಷ್ಟು ವರ್ಷ ಓಡಿಲ್ವಾ? ಒಂದಿನ ತಳ್ಳಿ ಸ್ಟಾರ್ಟ್ ಮಾಡಿದ್ದೀರಾ?"

ಹಡಗಪ್ಪ ಹೊಟ್ಟೆ ಕುಲುಕಿಸಿ ನಕ್ಕ. "ಮನೆ ಜಗಳ ಯಾಕೆ? ಅಕ್ಕ ಇದ್ದಾರಲ್ಲ. ಅಕ್ಕನ ಬಾಯಿಂದ ಬಂದದ್ದು ಆಯ್ತು."

ಬಾಗಿಲಕ್ಕ ಬಿಳಿ ಕಾರಿನ ಬಳಿ ಹೋಗಿ, ಡ್ರೈವರ್ ಬಾಗಿಲಿನ ಪಕ್ಕ, ಕಾರಿನ ಮೂತಿ ಇದ್ದ ಕಡೆಗೆ ಮುಖ ಮಾಡಿ ನಿಂತಳು. ಬಾಗಿಲು ತೆಗೆದು ಹಾಕಿದಳು. "ತೆಳು" ಎಂದಳು. ನೀಲಿಯ ಬಳಿ ಹೋದಳು. ಹಾಗೇ ನಿಂತು ಹಾಗೇ ಹಾಕಿದಳು. ದಿಂಬಿನ ಮೇಲೆ ದಿಂಬು ಬಿದ್ದ ಹಾಗೆ, ಮೆತ್ತಗೆ, ದಪ್ಪಗೆ ಕೇಳಿಸಿತು.

"ತುಂಬಿದೆ."

ನಾದಿನಿ ಮುಖ ಊದಿಸಿಕೊಂಡಳು. ಆದರೆ ಎದುರಾಡಲಿಲ್ಲ, ಅಕ್ಕನ ಕಿವಿಗೆ ಎದುರಾಡಿದವರಿಲ್ಲ. ನಾಳೆ ಮಧ್ಯಾಹ್ನದ ಮೇಲೆ ಬಂದು ಹಳೆಯದನ್ನು ಬಿಟ್ಟು ನೀಲಿಯದನ್ನು ಒಯ್ಯುವುದೆಂದು ಮಾತಾಯಿತು. ನಾಡಿದ್ದು ಬೆಳಗ್ಗೆಯೇ ಒಬ್ಬ ಬಾಣಂತಿಯನ್ನೂ ಮಗುವನ್ನೂ ಮನೆಗೆ ತಲುಪಿಸುವ ಕೆಲಸವನ್ನು ತಮ್ಮ ಆಗಲೇ ಒಪ್ಪಿಕೊಂಡಿದ್ದ.

ಮಾರನೆಯ ಮಧ್ಯಾಹ್ನ ಊಟವಾಗಿ ಬಾಗಿಲಕ್ಕ ಸ್ವಲ್ಪ ಅಡ್ಡಾದಳು. ಅವಳ ಗಂಡ ಕಾರಿನ ಸೀಟಿಗೆ ಹೊದಿಕೆ ಹೊಲಿಯುವವನು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಅವನ ಹೊಲಿಗೆ ಯಂತ್ರ ಅವರ ಮದುವೆಗಿಂತ ಹಳೆಯದು, ತುಳಿದರೆ ಡಬ್ಬಿಯಲ್ಲಿ ಕಲ್ಲು ಹಾಕಿ ಅಲುಗಿಸಿದ ಹಾಗೆ ಕಟಕಟ ಎನ್ನುತ್ತಿತ್ತು. ಆ ಸದ್ದಿಲ್ಲದೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಯಾವಾಗಲೂ ಬಲಮಗ್ಗುಲಿಗೆ ಮಲಗುವವಳು ಅಂದು ಬಲಭುಜ ಹಿಡಿದುಕೊಂಡಿತ್ತೆಂದು ಎಡಕ್ಕೆ ಹೊರಳಿದಳು. ಎಡಗಿವಿ ದಿಂಬಿನಲ್ಲಿ ಹೂತುಹೋಯಿತು.

ಯಂತ್ರ ಬದಲಾಯಿತು. ಕಟಕಟ ಹೋಗಿ, ಎಲ್ಲೋ ದೂರದಲ್ಲಿ ಯಾರೋ ಹತ್ತಿಯ ಮೂಟೆ ಬಡಿಯುತ್ತಿರುವ ಹಾಗೆ, ಮೆತ್ತಗೆ, ದಪ್ಪಗೆ.

"ಅಯ್ಯೋ, ಇವರು ಹೊಸ ಯಂತ್ರ ತಂದರಾ? ಹಡಗಿನದಾ?" ಎಂದು ಅರೆನಿದ್ದೆಯಲ್ಲೇ ಅಂದುಕೊಂಡಳು. ಹಾಗೆ ಅಂದುಕೊಂಡದ್ದೇ ಎದ್ದು ಕೂತಳು. ಕಟಕಟ. ಎಡಗಿವಿಗೆ ಬೆರಳಿಟ್ಟಳು. ಹತ್ತಿಮೂಟೆ. ಬೆರಳು ತೆಗೆದಳು, ಕಟಕಟ.

ಕೋಣೆಯ ಮೂಲೆಯಲ್ಲಿದ್ದ ಕಬ್ಬಿಣದ ಬೀರುವಿನ ಹತ್ತಿರ ಹೋದಳು. ಅದರ ಬಾಗಿಲು ಎಷ್ಟು ಕಿರುಗುಟ್ಟುತ್ತಿತ್ತೆಂದರೆ, ತೆಗೆದರೆ ಪಕ್ಕದ ಮನೆಯವರು ಇವರಿಗೆ ಬಟ್ಟೆ ಬದಲಿಸುವ ಹೊತ್ತಾಯಿತು ಎಂದು ತಿಳಿಯುತ್ತಿದ್ದರು. ಎಡಗಿವಿ ಮುಚ್ಚಿ ಅದನ್ನು ಹಾಕಿದಳು. ದಿಂಬಿನ ಮೇಲೆ ದಿಂಬು. ಬಲಗಿವಿ ಮುಚ್ಚಿ ಹಾಕಿದಳು. ಒಡಕು ತಗಡು, ಕೊನೆಗೊಂದು ಕೀರಲು. ಮತ್ತೆ ಎಡ, ಮತ್ತೆ ಬಲ.

"ಏನೇ ಅದು, ಬೀರು ಮಾರೋಕೆ ಇಟ್ಟಿದ್ದೀಯಾ?" ಎಂದು ಗಂಡ ಸೂಜಿ ಬಾಯಲ್ಲಿ ಕಚ್ಚಿಕೊಂಡೇ ಒಳಗೆ ಬಂದ.

"ನನ್ನ ಬಲಗಿವಿ," ಎಂದಳು.

"ಮಂದ ಆಗಿದೆ. ಅದಕ್ಕೇನೀಗ?"

"ನಿಮಗೆ ಗೊತ್ತಿತ್ತಾ?"

ಗಂಡ ಸೂಜಿ ತೆಗೆದು ಅಂಗಿಗೆ ಚುಚ್ಚಿಕೊಂಡ. "ಗೊತ್ತಿಲ್ಲದೆ ಏನು! ನಾನು ಜಗಳಕ್ಕೆ ಯಾವಾಗಲೂ ನಿನ್ನ ಬಲಕ್ಕೆ ಕೂತ್ಕೋತೀನಲ್ಲ, ಯಾಕೆ ಅಂದ್ಕೊಂಡೆ? ಅಂದದ್ದೂ ಆಗುತ್ತೆ, ಕೇಳಿಸೋದೂ ಇಲ್ಲ. ಮನೆ ತಣ್ಣಗಿದೆ." ಅವಳ ಮುಖ ನೋಡಿ ಅವನ ನಗೆ ಅರ್ಧಕ್ಕೇ ನಿಂತಿತು. "ವಯಸ್ಸಾದ ಮೇಲೆ ಎಲ್ಲರಿಗೂ ಆಗುತ್ತೆ ಕಣೇ. ನಿನಗೂ ತಿಳಿದಿದೆ, ಹೇಳಿಕೊಳ್ಳೋಕೆ ಇಷ್ಟವಿಲ್ಲ ಅಂದ್ಕೊಂಡೆ."

"ಊರಿನ ಕಾರಿಗೆ ನಾನು ಹ್ಯಾಗೆ ನಿಲ್ತೀನಿ?"

"ಹ್ಯಾಗೆ ಅಂದರೆ? ನಿಂತ್ಕೊಂಡೇ ನಿಲ್ತೀಯ."

ಅವಳು ಬೀರುವನ್ನೇ ಕಾರು ಮಾಡಿಕೊಂಡು ತೋರಿಸಿದಳು. ಊರಿನ ಕಾರಿನ ಡ್ರೈವರ್ ಬಾಗಿಲು ಬಲಮಗ್ಗುಲಿಗೆ. ಅಲ್ಲಿ ಮುಂದಕ್ಕೆ ಮುಖ ಮಾಡಿ ನಿಂತರೆ ಕಾರು ಅವಳ ಎಡಕ್ಕೆ, ಎಡಗಿವಿಯ ಪಕ್ಕ. ಹಡಗಿನದರ ಡ್ರೈವರ್ ಬಾಗಿಲು ಎಡಮಗ್ಗುಲಿಗೆ. ಅಲ್ಲಿ ಹಾಗೇ ನಿಂತರೆ ಕಾರು ಅವಳ ಬಲಕ್ಕೆ. ಮುತ್ತಜ್ಜ ಹೇಳಿಕೊಟ್ಟ ಹಾಗೆ, ಒಂದು ಬೆರಳಷ್ಟೂ ಆಚೀಚೆ ಇಲ್ಲದೆ ನಿಂತು, ಹಡಗಿನ ಕಾರುಗಳನ್ನೆಲ್ಲ ಅವಳು ಕೇಳಿದ್ದು ಈ ಸತ್ತ ಕಿವಿಯಿಂದ. ಸತ್ತ ಕಿವಿಗೆ ಒಡಕು ಬೀರುವೂ ತುಂಬಿದೆ.

ಗಂಡನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ಹಾಸಿಗೆಯ ಅಂಚಿನಲ್ಲಿ ಕೂತ. "ಎಷ್ಟು ದಿನದಿಂದ?"

"ನನ್ನ ಕೇಳ್ತೀರಲ್ಲ! ನೀವು ಬಲಕ್ಕೆ ಕೂತು ಬೈಯೋಕೆ ಶುರುಮಾಡಿ ಎಷ್ಟು ದಿನ ಆಯ್ತು, ನೀವು ಹೇಳಿ!"

ಅವನು ಬೆರಳು ಎಣಿಸುವಷ್ಟರಲ್ಲಿ ಅವಳು ಚಪ್ಪಲಿ ಮೆಟ್ಟಿ ಹೊರಟಾಗಿತ್ತು.

ಅಂಗಳಕ್ಕೆ ಹೋಗುವ ದಾರಿ ಅವಳ ಕಾಲಿಗೆ ಕಣ್ಣುಮುಚ್ಚಿ ನಡೆಯುವಷ್ಟು ರೂಢಿ. ಅಂದು ಮಾತ್ರ ಮುಗಿಯಲೇ ಇಲ್ಲ. ರಸ್ತೆಯ ಮೇಲಿನ ಹಡಗಿನ ಕಾರುಗಳೆಲ್ಲ ಅವಳ ಕಡೆಗೇ ನೋಡಿಕೊಂಡು ಬರುತ್ತಿದ್ದ ಹಾಗಿತ್ತು. ಔಷಧಿ ಅಂಗಡಿಯವನ ಬೂದು ಕಾರು ಹೋಯಿತು. ಅದಕ್ಕೆ "ತುಂಬಿದೆ" ಎಂದವಳು ಅವಳೇ. ಹಿಂದಿನ ಸೀಟಿನಲ್ಲಿ ಅವನ ಅವಳಿಜವಳಿ ಹೆಣ್ಣುಮಕ್ಕಳು ಗಾಜಿಗೆ ಮೂಗು ಒತ್ತಿಕೊಂಡು ಕೂತಿದ್ದವು. ಹಲ್ಲಿನ ಡಾಕ್ಟರಮ್ಮನದು ಬೇಕರಿಯ ಮುಂದೆ ನಿಂತಿತ್ತು. ಅದಕ್ಕೂ ಅವಳದೇ ಮಾತು. ಈಚೆಗೆ ಎಲ್ಲಿಯಾದರೂ ಕಾರು ಮಗುಚಿದ ಸುದ್ದಿ ಕಿವಿಗೆ ಬಿದ್ದಿತ್ತೇ ಎಂದು ನೆನೆಸಿಕೊಂಡಳು. ಬಿದ್ದಿರಲಿಲ್ಲ. ಬಿದ್ದಿದ್ದರೂ ಯಾವ ಕಿವಿಗೆ ಬಿದ್ದಿರುತ್ತಿತ್ತೋ ಎಂದುಕೊಂಡು ಹೆಜ್ಜೆ ಚುರುಕು ಮಾಡಿದಳು.

ಅಂಗಳದ ಗೇಟಿನಲ್ಲೇ ನಾದಿನಿ ಎದುರಾದಳು. ಒಳಗೆ ತಮ್ಮ ನೀಲಿ ಕಾರಿನ ಮೈಯನ್ನು ತನ್ನ ಟವೆಲ್ಲಿನಿಂದ ಒರೆಸುತ್ತಿದ್ದ. ಅವನ ಹಳೆಯ ಕಾರು ಆಗಲೇ ಊರಿನ ಸಾಲಿನ ಕೊನೆಯಲ್ಲಿ ಬಡವನ ಮನೆ ನೆಂಟನ ಹಾಗೆ ನಿಂತಿತ್ತು.

"ನೋಡಿ ಅತ್ತಿಗೆ, ಮದುವೆ ದಿನ ನನ್ನ ಮುಖಾನೂ ಇಷ್ಟು ಹೊತ್ತು ನೋಡಿರಲಿಲ್ಲ," ಎಂದ ನಾದಿನಿ ಅವಳ ಮುಖ ಕಂಡು, "ಏನಾಯ್ತು? ಯಾರಿಗೇನಾಯ್ತು?" ಎಂದಳು.

ಬಾಗಿಲಕ್ಕ ಅವಳನ್ನು ಗೋಡೆಯ ಪಕ್ಕಕ್ಕೆ ಎಳೆದು ಎಲ್ಲ ಹೇಳಿದಳು. ನಾದಿನಿ, ಯಾವತ್ತೂ ಬಾಯಿ ಮುಚ್ಚದವಳು, ಪೂರ್ತಿ ಕೇಳಿದಳು. ಕೊನೆಗೆ ಅವಳ ಕೈ ಹಿಡಿದು, "ಅಷ್ಟೇ ತಾನೆ? ನೀವು ಏನೂ ಆಡಬೇಡಿ. ನನಗೆ ಬಣ್ಣ ಹಿಡಿಸಲಿಲ್ಲ ಅಂತೀನಿ. ಹೆಂಗಸು ಹಟ ಹಿಡಿದಳು ಅಂತ ನಗ್ತಾರೆ, ನಗಲಿ. ನಿಮ್ಮ ಹೆಸರು ಹೆಸರಾಗಿ ಇರುತ್ತೆ, ನಮಗೆ ಬಿಳಿ ಕಾರು ಬರುತ್ತೆ. ಬಿಡಿ ಅತ್ತಿಗೆ, ಹಟ ಹಿಡಿಯೋದು ನನಗೇನು ಹೊಸದಾ?" ಎಂದಳು.

ಬಾಗಿಲಕ್ಕ ಬೇಡ ಎನ್ನಲಿಲ್ಲ. ಆ ಗಳಿಗೆಯಲ್ಲಿ ಅವಳ ಎದೆಯ ಮೇಲಿನ ಬಂಡೆ ಒಂದು ಬದಿ ಎತ್ತಿದ ಹಾಗಾಯಿತು. ಸುಮ್ಮನೆ ನಾದಿನಿಯ ಹಿಂದೆ ನಡೆದಳು.

ನಾದಿನಿ ಸೊಂಟಕ್ಕೆ ಕೈಯಿಟ್ಟು ಶುರುಮಾಡಿದಳು. "ಈ ನೀಲಿ ನನಗೆ ಆಗಲ್ಲ. ಆಸ್ಪತ್ರೆ ಬಕೆಟ್ಟಿನ ನೀಲಿ ಇದು. ದಿನವೆಲ್ಲ ಅದೇ ಬಕೆಟ್ಟು ನೋಡಿ ಮನೆಗೆ ಬಂದರೆ ಬಾಗಿಲಲ್ಲೂ ಅದೇನಾ?"

ತಮ್ಮನ ಕೈಯಲ್ಲಿದ್ದ ಟವೆಲ್ ಹಾಗೇ ನಿಂತಿತು. "ಏನೇ ಹೇಳ್ತಿದ್ದೀಯ? ನಿನ್ನೆ ಇದೇ ನೀಲಿ ತಾನೆ ಇದ್ದದ್ದು?"

"ನಿನ್ನೆ ಬಿಸಿಲಿತ್ತು, ಗೊತ್ತಾಗಲಿಲ್ಲ."

ಬಾಗಿಲಕ್ಕ ಅಂದುಕೊಂಡದ್ದು, ಹಡಗಪ್ಪ ಜಗಳಕ್ಕೆ ಬರುತ್ತಾನೆ ಎಂದು. ಅವನು ಬರಲಿಲ್ಲ. ಬೆವರು ಒರೆಸಿಕೊಂಡು ನಕ್ಕ. "ಬೇಡ ಅಂದರೆ ಬೇಡಮ್ಮ. ಬಲವಂತವೇನಿಲ್ಲ. ಬಿಳಿಯದನ್ನೇ ಒಯ್ಯಿರಿ. ಇದಕ್ಕೆ ಬೆಳಗ್ಗೆಯೇ ಇನ್ನೊಬ್ಬರು ಬಂದು ಕೇಳಿ ಹೋಗಿದ್ದಾರೆ. ಮೇಷ್ಟ್ರು, ಮನೆತುಂಬ ಜನ ಅವರದು. ನೋಡೋದೂ ಬೇಡ, ಅಕ್ಕ ತುಂಬಿದೆ ಅಂದಿದ್ದಾರಲ್ಲ, ಅಷ್ಟು ಸಾಕು ಅಂದರು. ಈಗಲೇ ಫೋನ್ ಮಾಡ್ತೀನಿ," ಎಂದು ಜೇಬಿಗೆ ಕೈಹಾಕಿದ.

ಮಾತು ಒಮ್ಮೆ ಬಾಯಿಂದ ಹೊರಟ ಮೇಲೆ ತಮ್ಮನ ಮನೆಗೆ ಹೋಗದಿದ್ದರೆ ಇನ್ನೊಬ್ಬರ ಮನೆಗೆ ಹೋಗುತ್ತದೆ ಎಂಬುದು ಅವಳಿಗೆ ಹೊಳೆದಿರಲಿಲ್ಲ. ಬಂಡೆ ಮತ್ತೆ ಎದೆಯ ಮೇಲೆ ಕೂತಿತು, ಮೊದಲಿಗಿಂತ ಭಾರವಾಗಿ. ನಾದಿನಿ ಅವಳತ್ತ ನೋಡಿದಳು, ಕಣ್ಣಲ್ಲೇ ಸುಮ್ಮನಿರಿ ಎಂದಳು. ಹಡಗಪ್ಪನ ಹೆಬ್ಬೆರಳು ಫೋನಿನ ಮೇಲೆ ಆಡುತ್ತಿತ್ತು.

"ಫೋನ್ ಇಡಪ್ಪಾ," ಎಂದಳು ಬಾಗಿಲಕ್ಕ. "ಇನ್ನೊಂದು ಸಲ ಕೇಳಬೇಕು."

ಅಂಗಳದಲ್ಲಿ ಅಲ್ಲಿ ಇಲ್ಲಿ ಕಾರು ತಡವುತ್ತಿದ್ದವರು ತಲೆ ಎತ್ತಿದರು. ಬಾಗಿಲಪ್ಪನ ಕಾಲದಿಂದ ಎರಡನೆಯ ಸಲ ಎಂಬುದನ್ನು ಯಾರೂ ಕೇಳಿರಲಿಲ್ಲ. ಎಂಜಿನ್ನಿನೊಳಗೆ ತಲೆ ತೂರಿಸಿದ್ದ ಮಿಸ್ತ್ರಿಯೂ ತಲೆ ಹೊರತೆಗೆದ.

ಅವಳು ನೀಲಿ ಕಾರಿನ ಎಡಮಗ್ಗುಲಿಗೆ ಹೋದಳು. ಅಭ್ಯಾಸಬಲದಿಂದ ಕಾಲು ಮುಂದಕ್ಕೇ ತಿರುಗಿತು. ಬಲವಂತವಾಗಿ ಅದನ್ನು ಎಳೆದು, ಕಾರಿನ ಬಾಲದ ಕಡೆಗೆ ಮುಖ ಮಾಡಿ ನಿಂತಳು. ಬೆನ್ನು ಕಾರು ಹೋಗುವ ದಿಕ್ಕಿಗೆ. ಕೋಲಜ್ಜ, ಗುದ್ದಜ್ಜ, ಅಪ್ಪ, ಮೂವರೂ ಎದುರಿಗೆ ಬಂದು ನಿಂತು ಹುಬ್ಬು ಗಂಟಿಕ್ಕಿದ ಹಾಗೆ ಅನ್ನಿಸಿತು.

"ಅಕ್ಕಾ, ತಿರುಗಾಮುರುಗಾ ನಿಂತಿದ್ದೀರಿ," ಎಂದ ಯಾರೋ. ಕಿಸಕ್ಕೆಂದು ನಗು.

ಎಡಗಿವಿ ಬಾಗಿಲಿನ ಪಕ್ಕ ಇತ್ತು. ತೆಗೆದು ಹಾಕಿದಳು.

ಸದ್ದು ದಪ್ಪಗೆ ಶುರುವಾಗಿ ನಡುವೆ ಒಡೆಯಿತು. ಕೊನೆಯಲ್ಲಿ, ಖಾಲಿ ಡಬ್ಬಿಯಲ್ಲಿ ಚಮಚ ಉರುಳಿದ ಹಾಗೆ, ಒಂದು ಸಣ್ಣ ಟಿರ್ ಎಂಬ ಬಾಲ. ಮುಂದಿನ ಬಾಗಿಲಿಗೂ ಹಿಂದಿನ ಬಾಗಿಲಿಗೂ ನಡುವಿನ ಕಂಬದಿಂದ ಬಂದದ್ದು ಅದು. ಅವಳ ಅಪ್ಪ ಅವಳಿಗೆ ಮೊಟ್ಟಮೊದಲು ಕಲಿಸಿಕೊಟ್ಟ ಸದ್ದು ಅದೇ.

"ಟೊಳ್ಳು," ಎಂದಳು ಗಟ್ಟಿಯಾಗಿ.

ನಗು ನಿಂತಿತು. ಹಡಗಪ್ಪ, "ಏನಕ್ಕಾ ಇದು, ನಿನ್ನೆ ತುಂಬಿತ್ತು, ಇವತ್ತು ಟೊಳ್ಳು, ರಾತ್ರಿ ಇಲಿ ತಿಂತಾ?" ಎಂದ. ಅವನ ದನಿಯಲ್ಲಿ ಆಗಲೇ ಬಿಸಿ ಏರಿತ್ತು.

"ಆ ಕಂಬದ ರಬ್ಬರ್ ಕೀಳಿ," ಎಂದಳು ಮಿಸ್ತ್ರಿಗೆ.

ಮಿಸ್ತ್ರಿ ಒಡೆಯನ ಮುಖ ನೋಡಿದ, ಅವಳ ಮುಖ ನೋಡಿದ, ಕೈ ಒರೆಸಿಕೊಂಡು ಬಂದು ರಬ್ಬರಿನ ಅಂಚಿಗೆ ಸ್ಕ್ರೂಡ್ರೈವರ್ ಹಾಕಿ ಎಳೆದ. ಬಣ್ಣದ ಅಡಿಯಲ್ಲಿ ಅಡ್ಡಕ್ಕೆ ಒಂದು ಗಂಟುಗಂಟು ಗೆರೆ. ಹೊಟ್ಟೆ ಕೊಯ್ದು ಹೊಲಿಗೆ ಹಾಕಿದ ಗಾಯದ ಹಾಗೆ. ಯಾವುದೋ ದೇಶದಲ್ಲಿ ಮುಂಭಾಗ ನಜ್ಜಾದ ಒಂದು ಕಾರನ್ನೂ, ಹಿಂಭಾಗ ನಜ್ಜಾದ ಇನ್ನೊಂದು ಕಾರನ್ನೂ ಕತ್ತರಿಸಿ, ಎರಡು ಅರ್ಧಗಳನ್ನು ಬೆಸೆದು ಒಂದು ಮಾಡಿ ಹಡಗು ಹತ್ತಿಸಿದ್ದರು.

"ದೊಡ್ಡ ಗುಂಡಿಗೆ ಬಿದ್ದರೆ ಎರಡಾಗುತ್ತೆ," ಎಂದ ಮಿಸ್ತ್ರಿ ಮೆಲ್ಲಗೆ.

ತಮ್ಮ ಕಾರಿನಿಂದ ಕೈ ತೆಗೆದ, ಬಿಸಿ ತಾಗಿದವನ ಹಾಗೆ. ಬಾಣಂತಿಯ ನೆನಪಾಯಿತೇನೋ, ಟವೆಲ್ಲನ್ನು ಬಾಯಿಗೆ ಒತ್ತಿಕೊಂಡ.

"ನನಗೆ ಗೊತ್ತಿರಲಿಲ್ಲ," ಎಂದ ಹಡಗಪ್ಪ. "ಕಣ್ಣಾಣೆ ಗೊತ್ತಿರಲಿಲ್ಲ. ನಾನು ನಿಮ್ಮ ಮಾತನ್ನೇ ನಂಬಿಕೊಂಡಿದ್ದವನು." ಅದು ನಿಜವೇ ಇದ್ದಿರಬೇಕು. ನಿಜವಾದ್ದರಿಂದಲೇ ಅವಳಿಗೆ ಹೆಚ್ಚು ನಾಟಿತು.

ಅವಳು ಹೇಳಿದಳು. ಬಲಗಿವಿ ಮಂದವಾದದ್ದು, ಹಡಗಿನವಕ್ಕೆಲ್ಲ ಆ ಕಿವಿ ಕೊಟ್ಟದ್ದು, ಅಂಗಳದಲ್ಲಿದ್ದ ಅಷ್ಟೂ ಜನಕ್ಕೆ ಕೇಳುವ ಹಾಗೆ. ಯಾರೂ ಬೈಯಲಿಲ್ಲ. ಒಬ್ಬ ಮಾತ್ರ, "ಹಾಗಾದರೆ ನನ್ನದು?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಗೇಟಿನ ಹೊರಗೆ ನಿಲ್ಲಿಸಿದ್ದ ತನ್ನ ಹಡಗಿನ ಕಾರಿನ ಕಡೆಗೆ ಓಡಿದ. ಅದನ್ನು ನೋಡಿ ಅವಳು ನೀಲಿ ಕಾರಿಗೇ ಒರಗಿ ನಿಂತಳು.

ಹಡಗಪ್ಪ ಒಂದು ಸ್ಟೂಲು ತಂದು ಅವಳನ್ನು ಕೂರಿಸಿ, ಈ ಸಲವೂ ಫ್ಯಾನನ್ನು ಅವಳ ಕಡೆಗೇ ತಿರುಗಿಸಿದ. ದನಿ ತಗ್ಗಿಸಿ, ಬಗ್ಗಿ, ಬಲಕ್ಕೆ ನಿಂತು ಏನೋ ಹೇಳಿದ. ಅವಳಿಗೆ ಕೇಳಿಸಲಿಲ್ಲ. ಎಡಕ್ಕೆ ಬಂದು ಮತ್ತೆ ಹೇಳಿದ. "ಇಲ್ಲಿಗೇ ಬಿಡೋಣಕ್ಕಾ. ಇದನ್ನು ಕತ್ತರಿಸಿ ಗುಜರಿಗೆ ಹಾಕ್ತೀನಿ. ನಾಳೆಯಿಂದ ಹಡಗಿನವಕ್ಕೆ ತಿರುಗಿ ನಿಂತು ಕೇಳಿ, ಆಯ್ತು. ಹಿಂದಿನದನ್ನು ಕೆದಕಿದರೆ ನಿಮಗೂ ನಷ್ಟ, ನನಗೂ ನಷ್ಟ. ಮಾರಿದ ಕಾರುಗಳು ಓಡ್ತಾನೇ ಇವೆಯಲ್ಲ?"

ಬಾಗಿಲಕ್ಕ ಎದ್ದಳು. ಔಷಧಿ ಅಂಗಡಿ ಇನ್ನೂ ತೆಗೆದಿರುತ್ತದೆ, ಅದು ಮೊದಲು. ಆಮೇಲೆ ಹಲ್ಲಿನ ಡಾಕ್ಟರಮ್ಮ. ಆಮೇಲೆ ನೆನಪಿದ್ದವರ ಮನೆ, ನೆನಪಿಲ್ಲದವರನ್ನು ಕೇಳಿ ಹುಡುಕಿಕೊಂಡು. ಪ್ರತಿ ಬಾಗಿಲನ್ನೂ ಎಡಗಿವಿಯಿಂದ ಇನ್ನೊಮ್ಮೆ ಕೇಳಬೇಕು. ಕೇಳಿ ಏನು ಬರುತ್ತದೋ ಅದನ್ನು ಗಟ್ಟಿಯಾಗಿ ಹೇಳಬೇಕು.

ತಮ್ಮ ಗೇಟಿಗೆ ಅಡ್ಡ ಬಂದು ನಿಂತ. "ಅಕ್ಕ, ನಾನೂ ಬರ್ತೀನಿ. ನೀನು ಬಾಗಿಲು ಹಾಕು, ಮಾತಾಡೋದು ನಾನು. ಏನೋ ವಯಸ್ಸಾಯ್ತು, ತಪ್ಪಾಯ್ತು ಅಂತ ನಾನು ಹೇಳ್ತೀನಿ. ನಿನ್ನ ಮೇಲೆ ಯಾರೂ ಕೂಗಾಡೋ ಹಾಗಿರಲ್ಲ."

"ಹೌದು ಅತ್ತಿಗೆ," ಎಂದ ನಾದಿನಿ ಅವಳ ಬಲತೋಳು ಹಿಡಿದುಕೊಂಡಳು. "ಈ ಪಕ್ಕ ನಾನಿರ್ತೀನಿ. ಈ ಪಕ್ಕದಿಂದ ಯಾರು ಏನಂದರೂ ನಾನು ಕೇಳಿಸ್ಕೋತೀನಿ."

ಬಾಗಿಲಕ್ಕ ತೋಳು ಬಿಡಿಸಿಕೊಂಡಳು. ಸಡಿಲವಾಗಿದ್ದ ಕೂದಲನ್ನು ಹಿಂದಕ್ಕೆ ಎಳೆದು ಬಿಗಿಯಾಗಿ ಕಟ್ಟಿದಳು. ಗಂಟು ಒಂದು ಸಲಕ್ಕೆ ಕೂರಲಿಲ್ಲ, ಮತ್ತೆ ಕಟ್ಟಿದಳು.

"ಬೇಡ ಕಣೋ. ಬೇಡಮ್ಮ. ನೀವು ಪಕ್ಕದಲ್ಲಿದ್ದರೆ ಅವರು ನಿಮ್ಮ ಮುಖ ನೋಡಿ ಅರ್ಧ ಬೈಗುಳ ನುಂಗಿಕೊಳ್ತಾರೆ. ತುಂಬಿದೆ ಅನ್ನೋವಾಗ ನಾನು ಯಾರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡಿರಲಿಲ್ಲ. ಬೈಯಲಿ, ಪೂರ್ತಿ ಬೈಯಲಿ. ಅದನ್ನ ಕೇಳಿಸ್ಕೊಳ್ಳೋಕೆ ಎಡಗಿವಿ ಇನ್ನೂ ಚೆನ್ನಾಗಿದೆ. ನೀನು ಬಿಳೀದನ್ನು ತಗೊಂಡು ಹೋಗಿ ಆ ಬಾಣಂತಿ ಕೆಲಸ ನೋಡು. ದಾರಿ ಬಿಡು ಈಗ, ಔಷಧಿ ಅಂಗಡಿ ಮುಚ್ಚಿಬಿಡ್ತಾರೆ."